ಘನತೆಯ ಸಾವಿಗೆ ಆದೇಶ ಬಂತು, ಆರೈಕೆ ಎಲ್ಲಿ?

ಮಾನ್ಯರೆ,

ಘನತೆಯಿಂದ ಸಾಯುವ ಹಕ್ಕಿನ ಮಾತು ಬಂದಾಗಲೆಲ್ಲ ಒಂದು ಪಂಗಡದವರು ಜೀವ ಕೊಟ್ಟವನೇ ತೆಗೆಯಬೇಕು ಎನ್ನುತ್ತಾರೆ. ಇನ್ನೊಂದು ಪಂಗಡದವರು ನನ್ನ ದೇಹ, ನನ್ನ ತೀರ್ಮಾನ ಎನ್ನುತ್ತಾರೆ. ಐಸಿಯು ಬಾಗಿಲ ಹೊರಗೆ ಕುಳಿತ ಮನೆಯವರ ಪಾಡು ಮಾತ್ರ ಇಬ್ಬರ ಲೆಕ್ಕಕ್ಕೂ ಬರುವುದಿಲ್ಲ.

ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿ 30ರಂದು ಹೊರಡಿಸಿದ ಆದೇಶ ಯಾರಿಗೂ ಸಾವಿನ ಚುಚ್ಚುಮದ್ದು ಕೊಡಲು ಹೇಳಿಲ್ಲ. ಚೇತರಿಸಿಕೊಳ್ಳುವ ಆಸೆಯೇ ಇಲ್ಲದ ರೋಗಿಗೆ ವೆಂಟಿಲೇಟರಿನಂಥ ಚಿಕಿತ್ಸೆಯನ್ನು ನಿಲ್ಲಿಸಬಹುದು, ಅಥವಾ ಆರಂಭಿಸದೆಯೂ ಇರಬಹುದು. ಅದಕ್ಕೂ ಎರಡು ವೈದ್ಯಕೀಯ ಮಂಡಳಿಗಳು ಒಪ್ಪಬೇಕು, ಮನೆಯವರು ಒಪ್ಪಬೇಕು, ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿ, 2023ರಲ್ಲಿ ಸರಳಗೊಳಿಸಿದ ಕ್ರಮ ಇದು. ಸಾವನ್ನು ತಡೆಯದಿರುವುದೂ ಕೊಂದಂತೆಯೇ ಅಲ್ಲವೇ ಎಂದು ತರ್ಕ ಮಾಡುವವರಿದ್ದಾರೆ. ಶುಶ್ರೂಷಕಿಯಾಗಿ ರೋಗಿಗಳ ಪಕ್ಕದಲ್ಲಿ ನಿಂತ ನನಗೆ ಅವೆರಡೂ ಒಂದೇ ಎಂದು ಯಾವತ್ತೂ ಅನ್ನಿಸಿಲ್ಲ.

ಅನ್ನ ನೀರು ತೊರೆದು ದೇಹ ಬಿಡುವ ಜೈನರ ಸಲ್ಲೇಖನ ವ್ರತವನ್ನು ಈ ಚರ್ಚೆಗೆ ಎಳೆದು ತರುವುದೂ ಉಂಟು. ರಾಜಸ್ಥಾನ ಹೈಕೋರ್ಟ್ 2015ರ ಆಗಸ್ಟ್‌ನಲ್ಲಿ ಅದನ್ನು ಆತ್ಮಹತ್ಯೆಗೆ ಸಮವೆಂದಿತು. ಅದೇ ತಿಂಗಳು ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಶಾಸನಗಳು ಸ್ಮರಿಸುವ ಆ ವ್ರತಿಗಳು ಎಚ್ಚರವಿದ್ದೇ ದೇಹ ಬಿಟ್ಟವರು. ಐಸಿಯುವಿನಲ್ಲಿ ಪ್ರಜ್ಞೆಯಿಲ್ಲದೆ ಮಲಗಿದವರ ಪ್ರಶ್ನೆಗೆ ಅಲ್ಲಿ ಉತ್ತರ ಹುಡುಕಿ ಫಲವಿಲ್ಲ.

ಆ ಪ್ರಶ್ನೆ ದೇಶದ ಮುಂದೆ ಬಂದದ್ದು ನಮ್ಮ ಹೊನ್ನಾವರ ತಾಲ್ಲೂಕಿನ ಹಳದೀಪುರದ ಅರುಣಾ ಶಾನಭಾಗರಿಂದ. ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ಶುಶ್ರೂಷಕಿಯಾಗಿದ್ದ ಅವರ ಮೇಲೆ 1973ರಲ್ಲಿ ಅಲ್ಲಿಯ ನೌಕರನೇ ಹಲ್ಲೆ ಮಾಡಿದಾಗ ಅವರಿಗೆ 25 ವರ್ಷ. 2015ರಲ್ಲಿ ತೀರಿಕೊಳ್ಳುವವರೆಗೂ ಅದೇ ಆಸ್ಪತ್ರೆಯ ಹಾಸಿಗೆಯಲ್ಲಿದ್ದರು. ಅವರಿಗೆ ಬಿಡುಗಡೆ ಕೊಡಿ ಎಂದು ಪತ್ರಕರ್ತೆ ಪಿಂಕಿ ವಿರಾನಿ ಸುಪ್ರೀಂ ಕೋರ್ಟಿಗೆ ಹೋದರೆ, ಆರೈಕೆ ಮಾಡುತ್ತಿದ್ದ ಶುಶ್ರೂಷಕಿಯರು ಬೇಡವೆಂದರು. 2011ರಲ್ಲಿ ಕೋರ್ಟ್ ಶುಶ್ರೂಷಕಿಯರ ಮಾತನ್ನು ಎತ್ತಿಹಿಡಿಯಿತು. ಅದೇ ತೀರ್ಪಿನಲ್ಲಿ, ಇಂಥ ಇತರ ರೋಗಿಗಳ ಚಿಕಿತ್ಸೆಯನ್ನು ಹೈಕೋರ್ಟಿನ ಅನುಮತಿ ಪಡೆದು ನಿಲ್ಲಿಸಬಹುದು ಎಂದಿತು. ಅಷ್ಟು ವರ್ಷ ಮಲಗಿದ್ದವರ ಮೈಮೇಲೆ ಬೆನ್ನುಹುಣ್ಣು ಏಳದಂತೆ ನೋಡಿಕೊಂಡ ನನ್ನ ವೃತ್ತಿಬಾಂಧವರ ಬಗ್ಗೆ ನನಗೆ ಹೆಮ್ಮೆಯಿದೆ. ಆದರೆ ಅರುಣಾ ಸ್ವತಃ ಏನು ಬಯಸುತ್ತಿದ್ದರು ಎಂಬುದನ್ನು ಎರಡು ಕಡೆಯವರೂ ಊಹಿಸಬೇಕಾಯಿತು. ಈಗ 18 ತುಂಬಿದ ಯಾರೇ ಆಗಲಿ, ತಮ್ಮ ಇಚ್ಛೆಯನ್ನು ಇಬ್ಬರು ಸಾಕ್ಷಿಗಳ ಎದುರು ಬರೆದು ಸಹಿ ಮಾಡಿ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿಕೊಳ್ಳಬಹುದು. ಇದನ್ನು ಮುದುಕರ ಕಾಗದವೆಂದು ತಳ್ಳಿಹಾಕುವ ಯುವಕರು ಆ 25ನ್ನು ನೆನಪಿಡಲಿ.

ನನ್ನ ಸಿಟ್ಟಿರುವುದು ಬೇರೆ ಕಡೆ. ಬಡವರ ಮನೆಗಳಲ್ಲಿ ಚಿಕಿತ್ಸೆ ನಿಲ್ಲಿಸುವ ತೀರ್ಮಾನವನ್ನು ಯಾವ ಮಂಡಳಿಯೂ ಮಾಡುವುದಿಲ್ಲ, ಆಸ್ಪತ್ರೆಯ ಬಿಲ್ಲು ಮಾಡುತ್ತದೆ. ದುಡ್ಡು ಮುಗಿದ ದಿನ 'ವೈದ್ಯರ ಸಲಹೆಗೆ ವಿರುದ್ಧವಾಗಿ, ಸ್ವಇಚ್ಛೆಯಿಂದ ಕರೆದೊಯ್ಯುತ್ತಿದ್ದೇವೆ' ಎಂದು ಸಹಿ ಹಾಕಿಸಿಕೊಳ್ಳುತ್ತಾರೆ. ಸ್ವಇಚ್ಛೆಯಂತೆ! ದೊಡ್ಡ ಆಸ್ಪತ್ರೆ ಬೇಕೆಂದು ವರ್ಷಗಳಿಂದ ಕೂಗುತ್ತಿರುವ ನಮ್ಮ ಉತ್ತರ ಕನ್ನಡ ಜಿಲ್ಲೆಯವರು ಮಣಿಪಾಲ, ಮಂಗಳೂರುಗಳಿಂದ ಆಂಬುಲೆನ್ಸಿನಲ್ಲಿ ಕೈಯಿಂದ ಉಸಿರು ತುಂಬುವ ಆಂಬು ಚೀಲ ಒತ್ತುತ್ತಾ ಮನೆಗೆ ಬರುತ್ತಾರೆ. ಬಂದ ಮೇಲೆ ಉಸಿರಾಟದ ಸಂಕಟಕ್ಕೂ ನೋವಿಗೂ ಮದ್ದು ಕೊಡುವವರಿಲ್ಲ. ನಮ್ಮ ಹಿರಿಯರು ದೇವರಲ್ಲಿ ಬೇಡಿಕೊಳ್ಳುತ್ತಿದ್ದ ಅನಾಯಾಸ ಮರಣ ಇದಲ್ಲ.

ಕೇಂದ್ರ ಸರ್ಕಾರ 2014ರಲ್ಲೇ ಕಾನೂನು ತಿದ್ದಿ, ನೋವಿಗೆ ಕೊಡುವ ಮಾರ್ಫಿನ್ ಆಸ್ಪತ್ರೆಗಳಿಗೆ ಸುಲಭವಾಗಿ ಸಿಗುವಂತೆ ಮಾಡಿದೆ. ಬೆಂಗಳೂರಿನ ಕರುಣಾಶ್ರಯದಲ್ಲಿ ಗುಣವಾಗದ ಕ್ಯಾನ್ಸರ್ ರೋಗಿಗಳಿಗೆ ಉಚಿತ ಆರೈಕೆಯಿದೆ. ಕರಾವಳಿಯ ಕೂಲಿಕಾರ ಅಲ್ಲಿಯವರೆಗೆ ಹೋಗಬೇಕೇ? ಚಿಕಿತ್ಸೆ ನಿಲ್ಲಿಸಲು ಒಪ್ಪಬೇಕಾದ ಎರಡನೇ ಮಂಡಳಿಗೆ ವೈದ್ಯರನ್ನು ಹೆಸರಿಸುವ ಹೊಣೆ ಜಿಲ್ಲಾ ಆರೋಗ್ಯಾಧಿಕಾರಿಯದು. ಜಿಲ್ಲೆಯ ಯಾವ ತಾಲ್ಲೂಕು ಆಸ್ಪತ್ರೆಯಲ್ಲಿ ಮಾರ್ಫಿನ್ ಮಾತ್ರೆ ಇದೆ, ಮನೆಗೆ ಬಂದು ನೋಡುವ ಶುಶ್ರೂಷಕಿ ಎಲ್ಲಿದ್ದಾರೆ ಎಂಬ ಪಟ್ಟಿಯನ್ನೂ ಅವರೇ ಪ್ರಕಟಿಸಲಿ.

– ನಿವೃತ್ತ ಶುಶ್ರೂಷಕಿ, ಹೊನ್ನಾವರ