ಹನ್ನಳ ಕತೆ ಓದಿದ ದಿನ: ಮಗಳಿಗೊಂದು ಪತ್ರ

ನನ್ನ ಮುದ್ದು ಮಗಳೇ,

ಜೆರುಸಲೇಮಿನಲ್ಲಿ ಯಹೂದಿಗಳ ಹೊಸ ವರ್ಷದ ಹಬ್ಬ ಮುಗಿದು ಎರಡು ದಿನ ಆಯ್ತು. ರೋಶ್ ಹಶಾನಾ ಅಂತಾರೆ. ನಾನು ನೋಡಿಕೊಳ್ಳುವ ಸಾವ್ತಾ ಮಲಗಿದ್ದಾರೆ. ಸಾವ್ತಾ ಅಂದ್ರೆ ಇವರ ಭಾಷೆಯಲ್ಲಿ ಅಜ್ಜಿ, ನಾನೂ ಹಾಗೇ ಕರೆಯುವುದು. ಈಗ ಅಡುಗೆಮನೆಯ ಮೇಜಿನ ಹತ್ತಿರ ಕೂತು ಬರೆಯುತ್ತಿದ್ದೇನೆ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನ್ ಹಿಡಿದರೆ ನಾನು ಮಾತು ಜಾಸ್ತಿ ಆಡುತ್ತೇನೆ, ನೀನು ಏನಾದರೂ ಉತ್ತರ ಕೊಡಬೇಕಾಗುತ್ತದೆ. ಈ ಪತ್ರಕ್ಕೆ ಉತ್ತರ ಬೇಡ.

ಹಬ್ಬದ ಮೊದಲ ರಾತ್ರಿಯ ಊಟ ನೀನು ನೋಡಬೇಕಿತ್ತು. ಸಾವ್ತಾ ಚಿಕ್ಕ ಹುಡುಗಿಯಾಗಿದ್ದಾಗ ಮೊರೊಕ್ಕೊದಿಂದ ಬಂದವರು, ಅವರ ಮನೆಯ ಪದ್ಧತಿಯೇ ಬೇರೆ. ಊಟಕ್ಕೆ ಮೊದಲು ಸಣ್ಣ ಸಣ್ಣ ತಟ್ಟೆಗಳು ಬರುತ್ತವೆ. ಜೇನಿನಲ್ಲಿ ಅದ್ದಿದ ಸೇಬು, ಖರ್ಜೂರ, ಸೋರೆಕಾಯಿ, ದಾಳಿಂಬೆ, ನಮ್ಮ ಅಲಸಂಡೆ ಕಾಳು! ಒಂದೊಂದಕ್ಕೂ ಒಂದು ಬೇಡಿಕೆ. ದಾಳಿಂಬೆಯ ಕಾಳಿನ ಹಾಗೆ ನಮ್ಮ ಪುಣ್ಯ ಹೆಚ್ಚಲಿ. ಅಲಸಂಡೆಗೂ ಹಾಗೆಯೇ, ಅದರ ಹೆಸರು ಇವರಿಗೆ ‘ಹೆಚ್ಚು’ ಅನ್ನುವ ಮಾತಿನ ಹಾಗೆ ಕೇಳುತ್ತದೆ. ಮೀನು ಬಂದಾಗ ಹೇಳುವುದು: ಮೀನಿನ ಹಾಗೆ ನಮ್ಮ ಸಂತಾನ ಹೆಚ್ಚಲಿ.

ಆ ಮಾತಿಗೆ ಎಲ್ಲರೂ ಆಮೆನ್ ಅಂದರು. ಅಂದವರ ಕಣ್ಣೆಲ್ಲ ಮೊಮ್ಮಗನ ಹೆಂಡತಿಯ ಮೇಲೆ. ಮದುವೆಯಾಗಿ ಐದು ವರ್ಷ ಆಗಿದೆ ಅವಳಿಗೆ. ಯಾರೋ ಒಬ್ಬರು ‘ಬೆಕಾರೋವ್ ಎತ್ಸ್ಲೇಖ್’ ಅಂದೇಬಿಟ್ಟರು. ಬೇಗ ನಿನ್ನ ಮನೆಯಲ್ಲೂ ಆಗಲಿ ಅಂತ ಅರ್ಥ. ಒಳ್ಳೆಯ ಮಾತೇ. ಅವಳು ಒಂದು ಸೇಬನ್ನು ಹೆಚ್ಚುತ್ತಾ ಇದ್ದಳು. ಹೋಳು ಎಷ್ಟು ತೆಳ್ಳಗಾದವು ಅಂದ್ರೆ ಆಚೆ ಕಡೆಯ ಬೆಳಕು ಕಾಣುತ್ತಿತ್ತು. ಆದರೂ ತಲೆ ಎತ್ತಲಿಲ್ಲ. ನನಗೆ ನೀನು ಕಂಡೆ.

ಮರುದಿನ ಬೆಳಿಗ್ಗೆ ಸಾವ್ತಾರ ಗಾಲಿಕುರ್ಚಿ ತಳ್ಳಿಕೊಂಡು ಇವರ ಪ್ರಾರ್ಥನಾ ಮಂದಿರ ಸಿನಗಾಗಿಗೆ ಹೋದೆ. ಹೆಂಗಸರಿಗೆ ಬೇರೆ ಜಾಗ. ಆ ಹುಡುಗಿ ನಮ್ಮ ಪಕ್ಕದಲ್ಲೇ ಕೂತಳು. ಇವರಿಗೆ ಇದು ವರ್ಷದ ದೊಡ್ಡ ದಿನ, ದೇವರು ನ್ಯಾಯ ತೀರ್ಮಾನಕ್ಕೆ ಕೂರುವ ದಿನ. ಲೋಕ ಸೃಷ್ಟಿಯಾದ ಕತೆ ಓದುತ್ತಾರೆ ಅಂದುಕೊಂಡಿದ್ದೆ. ಓದಿದ್ದು ಆದಿಕಾಂಡದ 21ನೇ ಅಧ್ಯಾಯ. ದೇವರು ಸಾರಳನ್ನು ನೆನಪಿಸಿಕೊಂಡ, ತೊಂಬತ್ತು ವರ್ಷಕ್ಕೆ ಅವಳಿಗೆ ಇಸಾಕ ಹುಟ್ಟಿದ. ಅದಾದ ಮೇಲೆ ಹನ್ನಳ ಕತೆ. ಸಾರಾ, ರಾಹೇಲ, ಹನ್ನ, ಈ ಮೂವರನ್ನೂ ದೇವರು ನೆನೆದದ್ದು ಇದೇ ಹಬ್ಬದ ದಿನ ಅಂತ ಇವರ ಗುರುಗಳ ಹಳೆಯ ಗ್ರಂಥ ತಾಲ್ಮೂದಿನಲ್ಲಿ ಇದೆಯಂತೆ. ರಾಹೇಲಳ ಅಳು ಎರಡನೇ ದಿನದ ಓದಿನಲ್ಲಿ ಬರುತ್ತದೆ. ಹೊಸ ವರ್ಷ ಶುರುವಾಗುವುದೇ ಮಗುವಿಗಾಗಿ ಕಾದ ಹೆಂಗಸರಿಂದ ಅಂತ ನನಗೆ ಈ ವಯಸ್ಸಿನಲ್ಲಿ ಗೊತ್ತಾಯ್ತು ನೋಡು.

ಹನ್ನಳ ಕತೆ ನಿನಗೆ ಭಾನುವಾರದ ಶಾಲೆಯಿಂದ ಗೊತ್ತು. ನಾವು ಮಕ್ಕಳಿಗೆ ಪ್ರವಾದಿ ಸಮುವೇಲನ ಕತೆ ಹೇಳುವ ಅವಸರದಲ್ಲಿ ಅವನ ಅಮ್ಮನನ್ನು ಬೇಗ ದಾಟಿಬಿಡುತ್ತೇವೆ. ಈ ಸಲ ನಾನು ನಿಧಾನಕ್ಕೆ ಕನ್ನಡ ಬೈಬಲು ತೆಗೆದು ಓದಿದೆ. ಹನ್ನಳಿಗೆ ಮಕ್ಕಳಿಲ್ಲ, ಮಕ್ಕಳಿರುವ ಸವತಿ ಪೆನಿನ್ನ ವರ್ಷ ವರ್ಷವೂ ಚುಚ್ಚುತ್ತಾಳೆ. ಹನ್ನ ಅಳುತ್ತಾಳೆ, ಊಟ ಬಿಡುತ್ತಾಳೆ. ಗಂಡ ಎಲ್ಕಾನ ಒಳ್ಳೆಯವನು. ನಾನು ನಿನಗೆ ಹತ್ತು ಮಕ್ಕಳಿಗಿಂತ ಹೆಚ್ಚಲ್ಲವಾ ಅನ್ನುತ್ತಾನೆ. ಪ್ರೀತಿಯ ಮಾತು, ಆದರೆ ಅವಳ ನೋವಿಗೆ ತಾಗುವುದಿಲ್ಲ. ಅವಳು ಶೀಲೋವಿನ ದೇವಾಲಯದಲ್ಲಿ ಒಬ್ಬಳೇ ನಿಂತು ಪ್ರಾರ್ಥಿಸುತ್ತಾಳೆ. ತುಟಿ ಅಲ್ಲಾಡುತ್ತದೆ, ದನಿ ಇಲ್ಲ. ಬಾಗಿಲ ಹತ್ತಿರ ಕೂತ ಯಾಜಕ ಏಲಿ ಅವಳು ಕುಡಿದಿದ್ದಾಳೆ ಅಂದುಕೊಂಡು ಗದರಿಸುತ್ತಾನೆ. ಕುಡಿದಿಲ್ಲ ಸ್ವಾಮಿ, ಎದೆಯಲ್ಲಿ ಇದ್ದದ್ದನ್ನು ದೇವರ ಮುಂದೆ ಸುರಿಯುತ್ತಿದ್ದೆ ಅನ್ನುತ್ತಾಳೆ ಅವಳು.

ಪ್ರಾರ್ಥನೆ ಹೇಗೆ ಮಾಡಬೇಕು ಅಂತ ಇವರ ಗುರುಗಳು ಕಲಿತದ್ದು ಹನ್ನಳಿಂದಲೇ. ಇವತ್ತಿಗೂ ಇವರ ಮುಖ್ಯ ಪ್ರಾರ್ಥನೆಯನ್ನು ತುಟಿಯಲ್ಲೇ ಹೇಳುತ್ತಾರೆ, ಪಕ್ಕದವರಿಗೂ ಕೇಳದ ಹಾಗೆ. ಏಲಿಯಿಂದಲೂ ಒಂದು ಪಾಠ ತೆಗೆದಿದ್ದಾರೆ. ತಪ್ಪಿಲ್ಲದವರ ಮೇಲೆ ಅನುಮಾನ ಪಟ್ಟವನು ಅವರನ್ನು ಸಮಾಧಾನ ಮಾಡಬೇಕು, ಅಷ್ಟೇ ಸಾಲದು, ಆಶೀರ್ವಾದವನ್ನೂ ಕೊಡಬೇಕು. ನಮ್ಮ ಹಿಂದಿನ ಸಾಲಿನ ಒಬ್ಬ ಹೆಂಗಸು ಬಿಡಿಸಿ ಹೇಳಿದರು. ಆವತ್ತಿನಿಂದ ಅದು ನನ್ನ ತಲೆಯಿಂದ ಹೋಗಿಲ್ಲ.

ಯಾಕೆ ಅಂದ್ರೆ ಆ ಏಲಿ ನಾನೇ, ಮಗಳೇ. ಚಿಕ್ಕಮ್ಮನ ಮಗಳ ಕೂಸಿನ ದೀಕ್ಷಾಸ್ನಾನಕ್ಕೆ ನೀನು ಹೋಗಲಿಲ್ಲ ಅಂತ ನಾನು ಎಷ್ಟು ಬೈದೆ. ಹೊಟ್ಟೆಕಿಚ್ಚು ಅಂತ ಜನ ಆಡಿಕೊಳ್ತಾರೆ ಅಂದೆ. ನೀನು ‘ಆಯ್ತಮ್ಮ’ ಅಂತಷ್ಟೇ ಹೇಳಿ ಫೋನ್ ಇಟ್ಟೆ. ಅದೇ ವಾರ ನಿನ್ನ ಚಿಕಿತ್ಸೆ ಕೈಗೂಡದೆ ನೀನು ಮಲಗಿದ್ದೆ ಅಂತ ಅಳಿಯ ತಿಂಗಳ ಮೇಲೆ ಹೇಳಿದರು. ಪ್ರತಿ ಭಾನುವಾರ ‘ಏನಾದರೂ ವಿಶೇಷ ಉಂಟಾ’ ಅಂತ ಕೇಳುತ್ತಿದ್ದವಳೂ ನಾನೇ. ಆ ಒಂದು ಮಾತಿಗೆ ಹೆದರಿ ನೀನು ಭಾನುವಾರ ಫೋನ್ ಎತ್ತದೆ ಇದ್ದದ್ದು ನನಗೆ ಈಗ ಅರ್ಥ ಆಗುತ್ತದೆ. ನನ್ನನ್ನು ಕ್ಷಮಿಸು. ಇನ್ನು ಕೇಳುವುದಿಲ್ಲ. ಹೇಳಬೇಕು ಅನ್ನಿಸಿದ ದಿನ ನೀನೇ ಹೇಳು, ಹೇಳದಿದ್ದರೂ ಅಮ್ಮ ಅಮ್ಮನೇ.

ಸಿನಗಾಗಿಯಲ್ಲಿ ಹಬ್ಬದ ಟಗರಿನ ಕೊಂಬು ಊದುವಾಗ ಆ ಹುಡುಗಿ ಅತ್ತಳು. ಒಂದು ಉದ್ದನೆಯ ದನಿ, ಮೂರು ತುಂಡಾದ ದನಿ, ಆಮೇಲೆ ಬಿಕ್ಕಳಿಸಿದ ಹಾಗೆ ಸಣ್ಣ ಸಣ್ಣ ದನಿ, ಒಟ್ಟು ನೂರು ಸಲ. ಸಾವ್ತಾ ಏನೂ ಹೇಳಲಿಲ್ಲ. ನಡುಗುವ ಕೈಯನ್ನು ಅವಳ ತಲೆಯ ಮೇಲೆ ಇಟ್ಟು, ಅವಳ ಹೆಸರನ್ನೂ ಅವಳ ತಾಯಿಯ ಹೆಸರನ್ನೂ ತುಟಿಯಲ್ಲೇ ಹೇಳಿಕೊಂಡರು. ಒಬ್ಬರಿಗಾಗಿ ಬೇಡುವಾಗ ಇವರು ಇಂಥವಳ ಮಗಳು ಇಂಥವಳು ಅಂತ ತಾಯಿಯ ಹೆಸರು ಸೇರಿಸುತ್ತಾರೆ. ಆಮೇಲೆ ನನ್ನ ಕಡೆ ತಿರುಗಿ, ನಿನಗೂ ಮಗಳಿದ್ದಾಳಲ್ವಾ, ಹೆಸರು ಹೇಳು ಅಂದರು. ನಾನು ಯಾವತ್ತೂ ಅವರ ಹತ್ತಿರ ನಿನ್ನ ವಿಷಯ ಹೇಳಿಕೊಂಡವಳಲ್ಲ. ನಿನ್ನ ಹೆಸರು, ‘ಬತ್’ ಅಂದ್ರೆ ಮಗಳು, ಆಮೇಲೆ ನನ್ನ ಹೆಸರು. ಅವರ ಬಾಯಲ್ಲಿ ನಮ್ಮಿಬ್ಬರ ಹೆಸರು ಒಟ್ಟಿಗೆ ಬಂದದ್ದು ಕೇಳಿ ನನ್ನ ಗಂಟಲು ಕಟ್ಟಿತು.

ಆಶೀರ್ವಾದ ಸಿಕ್ಕಿತು ಅಂತ ಡಾಕ್ಟರನ್ನು ಬಿಡಬೇಡ. ಇಲ್ಲಿಯವರು ಎರಡನ್ನೂ ಹಿಡಿದವರು. ಹರಕೆ ಹೊತ್ತು ರಾಹೇಲಳ ಸಮಾಧಿಗೆ ಹೋಗುತ್ತಾರೆ, ಐವಿಎಫ್‌ಗೂ ಹೋಗುತ್ತಾರೆ. 45 ವರ್ಷದವರೆಗೆ, ಎರಡು ಮಕ್ಕಳು ಆಗುವವರೆಗೂ ಖರ್ಚು ಸರ್ಕಾರದ ಆರೋಗ್ಯ ವ್ಯವಸ್ಥೆಯದ್ದೇ. ನಮ್ಮ ಕಡೆ ಹಾಗಿಲ್ಲ, ನನಗೆ ಗೊತ್ತು. ದುಡ್ಡಿನ ಯೋಚನೆ ನನಗೆ ಬಿಡು. ಸಾಕು, ಸ್ವಲ್ಪ ದಿನ ಏನೂ ಬೇಡ ಅನ್ನಿಸಿದರೆ ಅದನ್ನೂ ಧೈರ್ಯವಾಗಿ ಹೇಳು. ಅತ್ತೆಯವರ ಹತ್ತಿರ ನಾನು ಮಾತಾಡುತ್ತೇನೆ.

ಒಂದು ವಿಷಯ ಗಮನಿಸಿದೆಯಾ? ಏಲಿ ಹರಸಿದ ಮೇಲೆ ಹನ್ನ ಹೋಗಿ ಊಟ ಮಾಡಿದಳು, ಅವಳ ಮುಖದಲ್ಲಿ ದುಃಖ ಉಳಿಯಲಿಲ್ಲ ಅಂತ ಇದೆ. ಆಗ ಇನ್ನೂ ಅವಳು ಬಸುರಿಯೇ ಆಗಿರಲಿಲ್ಲ.

ಶುಕ್ರವಾರ ಸಂಜೆ ಇಲ್ಲಿ ಅಪ್ಪ ಅಮ್ಮ ಹೆಣ್ಣುಮಕ್ಕಳ ತಲೆಯ ಮೇಲೆ ಕೈಯಿಟ್ಟು, ದೇವರು ನಿನ್ನನ್ನು ಸಾರಾ, ರೆಬೆಕ್ಕ, ರಾಹೇಲ, ಲೇಯರ ಹಾಗೆ ಮಾಡಲಿ ಅನ್ನುತ್ತಾರೆ. ನಾಲ್ವರಲ್ಲಿ ಮೂವರು ಮಗುವಿಗಾಗಿ ವರ್ಷಗಟ್ಟಲೆ ಕಾದವರು. ರೆಬೆಕ್ಕ ಇಪ್ಪತ್ತು ವರ್ಷ ಕಾದಳು. ಬಂಜೆ ಅನ್ನುವ ಮಾತು ನಮ್ಮ ಬೈಬಲಿನಲ್ಲೂ ಇದೆ, ನನಗೆ ಈಗ ಅದನ್ನು ಓದಲು ಬಾಯಿ ಬರುವುದಿಲ್ಲ. ಇವರು ಅದೇ ಹೆಂಗಸರ ಹೆಸರು ಹೇಳಿ ಮಗಳನ್ನು ಹರಸುತ್ತಾರೆ.

ಇಲ್ಲಿ ಸುಮಾರು ಆರು ಗಂಟೆಗೆ ಸಾವ್ತಾ ದೀಪ ಹಚ್ಚಿ ಕಣ್ಣು ಮುಚ್ಚಿಕೊಳ್ಳುತ್ತಾರೆ. ನಿನಗೆ ಆಗ ರಾತ್ರಿ ಎಂಟೂವರೆ. ನೀನು ಏನೂ ಮಾಡಬೇಡ. ಊಟ ಮಾಡುತ್ತಿರು, ಸುಮ್ನೆ ಟಿವಿ ನೋಡುತ್ತಿರು. ನಾನು ಇಲ್ಲಿ ನಿನ್ನ ಹೆಸರು ಹೇಳಿಕೊಳ್ಳುತ್ತೇನೆ. ನಮ್ಮ ಅಜ್ಜಿ ಹೇಳುತ್ತಿದ್ದ ಹಾಗೆ, ನಿನ್ನ ಹೊಟ್ಟೆ ತಣ್ಣಗಿರಲಿ.

ಊರಿಗೆ ಹೊರಟವರ ಕೈಯಲ್ಲಿ ಒಂದು ಪೊಟ್ಟಣ ಖರ್ಜೂರ ಕಳಿಸಿದ್ದೇನೆ. ಹಬ್ಬದ ತಟ್ಟೆಯಲ್ಲಿ ಇಟ್ಟ ಜಾತಿಯದ್ದೇ. ಅಳಿಯನಿಗೂ ಕೊಡು.

ನಿನ್ನ ಅಮ್ಮ