ಪಿಯಾನೊ ಹೆಸರಿನಲ್ಲಿ ಸ್ಪ್ರಿಂಗ್ ಮಾರಾಟ

ಮಾನ್ಯ ಸಂಪಾದಕರೇ,

ದಸರಾ ಹತ್ತಿರ ಬಂದರೆ ಪತ್ರಿಕೆಯೊಳಗೆ ಮಡಚಿಟ್ಟ ಬಣ್ಣದ ಕರಪತ್ರಗಳು ಪತ್ರಿಕೆಗಿಂತ ದಪ್ಪವಾಗುತ್ತವೆ. ಕಳೆದ ಭಾನುವಾರ ಮಿಕ್ಸಿ, ಮಂಚ, ಟಿವಿಗಳ ನಡುವೆ ಒಂದು ಚೌಕದಲ್ಲಿ ‘ಡಿಜಿಟಲ್ ಪಿಯಾನೊ, 61 ಕೀ, 600 ಟೋನ್, ಸ್ಟ್ಯಾಂಡ್ ಉಚಿತ’ ಎಂದಿತ್ತು. ಟೋನ್ ಎಂದರೆ ಅದು ಹೊರಡಿಸಬಲ್ಲ ಬಗೆಬಗೆಯ ದನಿ. ಚಿತ್ರ ನೋಡಿದ ಕೂಡಲೇ ಗುರುತು ಸಿಕ್ಕಿತು. ಇಂಥದ್ದೇ ಒಂದು ನಮ್ಮ ಮನೆಯ ಅಟ್ಟದ ಮೇಲೆ ದಸರಾ ಗೊಂಬೆಗಳ ಪೆಟ್ಟಿಗೆಯ ಪಕ್ಕದಲ್ಲಿ ಮಲಗಿದೆ. ಅದು ಕೆಟ್ಟ ವಸ್ತುವೇನಲ್ಲ. ಆರ್ಕೆಸ್ಟ್ರಾದವರಿಗೆ, ಸಿನಿಮಾ ಹಾಡಿಗೆ ತಾಳ ಕೂಡಿಸಿಕೊಂಡು ನುಡಿಸುವವರಿಗೆ ಅದೇ ಬೇಕು. ಆದರೆ ಅದರ ಕೀಗಳ ಅಡಿಯಲ್ಲಿರುವುದು ಬರೀ ಸ್ಪ್ರಿಂಗ್, ಪಿಯಾನೊದ ಕೀಗಿರುವ ಸುತ್ತಿಗೆಯ ತೂಕ ಅಲ್ಲ. ಅದನ್ನು ಪಿಯಾನೊ ಎಂದು ಮಾರುವುದು ಡಾಲ್ಡಾವನ್ನು ತುಪ್ಪವೆಂದು ಮಾರಿದಂತೆ. ಈ ಹಬ್ಬಕ್ಕೆ ಮಕ್ಕಳಿಗೋ ಮೊಮ್ಮಕ್ಕಳಿಗೋ ಕೊಳ್ಳಲು ಹೊರಟವರು ನನ್ನ ಹಾಗೆ ಎರಡು ಸಲ ದುಡ್ಡು ಕೊಡಬಾರದೆಂದು ಈ ಪತ್ರ.

ನನ್ನ ಅರ್ಹತೆ ಏನೆಂದು ಕೇಳಬಹುದು. ಸಂಗೀತದಲ್ಲಿ ಹೇಳಿಕೊಳ್ಳುವಂಥದ್ದೇನೂ ಇಲ್ಲ. ಭಜನಾ ಮಂಡಳಿಯಲ್ಲಿ ಹಾರ್ಮೋನಿಯಂ ನುಡಿಸಿಕೊಂಡು ಬಂದವಳು. ಆದರೆ ಜಾಲಹಳ್ಳಿಯ ಎಚ್‌ಎಂಟಿ ವಾಚ್ ಕಾರ್ಖಾನೆಯ ಜೋಡಣೆ ವಿಭಾಗದಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕೂತಿದ್ದೇನೆ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಶುರುವಾದ ಕಾರ್ಖಾನೆ ಅದು. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಚಿಮಟದ ತುದಿಯಲ್ಲಿ ಕೂದಲೆಳೆಯಂಥ ಸ್ಪ್ರಿಂಗ್ ಹಿಡಿದು, ಕೀ ಕೊಡುವ ವಾಚುಗಳನ್ನು ಜೋಡಿಸಿದ ಕೈ ಇದು. ಸ್ಪ್ರಿಂಗ್ ಯಾವುದು, ತೂಕ ಯಾವುದು ಎಂದು ನನ್ನ ಬೆರಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೂ ಮೋಸ ಹೋದೆ, ಏಕೆಂದರೆ ಮೊದಲ ಸಲ ಅಂಗಡಿಯಲ್ಲಿ ಕೀ ಮುಟ್ಟಿಯೇ ನೋಡಲಿಲ್ಲ. ಪೆಟ್ಟಿಗೆಯ ಮೇಲಿನ ಅಕ್ಷರ ಓದಿ ದುಡ್ಡು ಎಣಿಸಿದೆ.

ಮೊಮ್ಮಗಳು ಆ ವಾದ್ಯದ ಮೇಲೆ ಎರಡು ವರ್ಷ ಅಭ್ಯಾಸ ಮಾಡಿದಳು. ನಮ್ಮ ಬಡಾವಣೆಯಲ್ಲಿ ಹೇಳಿಕೊಡುತ್ತಿದ್ದವರು ಊರು ಬಿಟ್ಟರು. ಹೊಸ ಟೀಚರ್ ಕಾಕ್ಸ್‌ಟೌನಿನಲ್ಲಿ ಸಿಕ್ಕರು, ಅವರ ಮನೆಯಲ್ಲಿ ಗೋಡೆಗೆ ಆನಿಸಿದ ಹಳೆಯ ಮರದ ಪಿಯಾನೊ. ಹುಡುಗಿ ಹೋಗಿ ಕೂತಳು, ಬಾಯಿಪಾಠವಾಗಿದ್ದ ಪಾಠವನ್ನೇ ಶುರು ಮಾಡಿದಳು. ಮೂರು ಸ್ವರ ಕೇಳಿಸಿತು, ನಾಲ್ಕನೆಯದು ಇಲ್ಲ, ಐದನೆಯದು ಇಲ್ಲ, ಆರನೆಯದು ಢಣ್ ಎಂದಿತು. ನನ್ನ ಕಡೆ ತಿರುಗಿ ಮೆಲ್ಲಗೆ, “ಅಜ್ಜಿ, ಇದು ಕೆಟ್ಟು ಹೋಗಿದೆಯಾ?” ಎಂದಳು. ಟೀಚರ್ ನಕ್ಕು, “ಪಿಯಾನೊ ಸರಿಯಾಗಿದೆ ಮರಿ, ಕೀ ಪೂರ್ತಿ ಇಳಿದರೂ ನೀನು ತೀರಾ ನಿಧಾನವಾಗಿ ಒತ್ತಿದರೆ ಒಳಗಿನ ಸುತ್ತಿಗೆ ತಂತಿಯವರೆಗೆ ಹೋಗುವುದೇ ಇಲ್ಲ” ಎಂದರು. ಎರಡು ವರ್ಷದ ಬೆರಳು ಹೊಸದಾಗಿ ನಡೆಯಲು ಕಲಿಯಬೇಕಾಯಿತು.

ಪಿಯಾನೊ ಎಂಬ ಹೆಸರಿನಲ್ಲೇ ವಿಷಯವಿದೆ. ಸುಮಾರು 1700ರಲ್ಲಿ ಇಟಲಿಯ ಫ್ಲಾರೆನ್ಸ್‌ನಲ್ಲಿ ಬಾರ್ತೊಲೊಮಿಯೊ ಕ್ರಿಸ್ತೊಫೊರಿ ಎಂಬಾತ ತಂತಿಗೆ ಸುತ್ತಿಗೆ ಬಡಿಯುವ ವಾದ್ಯ ಮಾಡಿದ. ‘ಪಿಯಾನೊ’ ಎಂದರೆ ಮೆಲ್ಲಗೆ, ‘ಫೋರ್ಟೆ’ ಎಂದರೆ ಜೋರಾಗಿ. ಎರಡನ್ನೂ ಬೆರಳಿನಿಂದಲೇ ಮಾಡಬಹುದು ಎಂಬುದೇ ಆಗಿನ ಸೋಜಿಗ. ಹಾರ್ಮೋನಿಯಂನಲ್ಲಿ ಜೋರು ಬರುವುದು ಎಡಗೈಯ ತಿದಿಯಿಂದ. ಬಲಗೈ ಬೆರಳು ಗಾಳಿಗೆ ಬಾಗಿಲು ತೆಗೆಯುತ್ತದೆ, ಅಷ್ಟೆ. ಡಿಜಿಟಲ್ ಪಿಯಾನೊದಲ್ಲಿ ತಂತಿ ಇಲ್ಲ. ಪ್ರತಿ ಕೀಯ ಅಡಿಯಲ್ಲಿ ಒಂದರ ಹಿಂದೆ ಒಂದು ಮುಚ್ಚಿಕೊಳ್ಳುವ ಸೆನ್ಸರ್‌ಗಳಿರುತ್ತವೆ. ಮೊದಲನೆಯದಕ್ಕೂ ಎರಡನೆಯದಕ್ಕೂ ನಡುವೆ ಕಳೆದ ಕಾಲವನ್ನು ಅದು ಅಳೆಯುತ್ತದೆ. ಕಾಲ ಕಡಿಮೆಯಾದಷ್ಟೂ ದನಿ ಜೋರು. ಅಂದರೆ ಒಳಗಿರುವುದು ಕೀಗೊಂದರಂತೆ ಎಂಬತ್ತೆಂಟು ಗಡಿಯಾರ! ಇದು ತಿಳಿದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ. ಎಷ್ಟೋ ಸ್ಪ್ರಿಂಗ್ ಕೀಬೋರ್ಡ್‌ಗಳಲ್ಲೂ ಈ ಏರ್ಪಾಡು ಇರುತ್ತದೆ ನಿಜ. ಬೆರಳಿಗೆ ಎದುರಾಗುವ ಭಾರ ಮಾತ್ರ ಸುಳ್ಳು.

ಎರಡನೆಯ ಸಲ ಕೊಳ್ಳಲು ಹೋದಾಗ ಕೀಯ ಭಾರ ತೂಗಿ ನೋಡಲೆಂದು ಪರ್ಸಿನಲ್ಲಿ ಐದು ರೂಪಾಯಿಯ ಹದಿನೈದು ನಾಣ್ಯ ಇಟ್ಟುಕೊಂಡು ಹೋದೆ. 2011ರಲ್ಲಿ ಬಂದ, ರೂಪಾಯಿ ಚಿಹ್ನೆಯ ಹಿತ್ತಾಳೆ ಬಣ್ಣದ ನಾಣ್ಯ ಸರಿಯಾಗಿ 6 ಗ್ರಾಂ ತೂಗುತ್ತದೆ, ಅಗಲ 23 ಮಿಲಿಮೀಟರ್. ಬಿಳಿಯ ಕೀಯ ಮೇಲೆ ಅಳತೆ ಕೊಟ್ಟು ಮಾಡಿಸಿದಂತೆ ಕೂರುತ್ತದೆ. ಅಂಗಡಿಯ ಹುಡುಗನ ಅಪ್ಪಣೆ ಕೇಳಿ, ಮೊದಲು ಒಂದು ಸ್ಪ್ರಿಂಗ್ ಕೀಬೋರ್ಡಿನ ಕೀ ತುದಿಯಲ್ಲಿ ನಾಣ್ಯ ಪೇರಿಸಿದೆ. ನಾಲ್ಕಕ್ಕೆ ಸ್ವಲ್ಪ ಇಳಿದು ನಿಂತಿತು. ಏಳಕ್ಕೆ ಇನ್ನಷ್ಟು ಇಳಿದು ಮತ್ತೆ ನಿಂತಿತು. ಸ್ಪ್ರಿಂಗಿನ ಗುಣವೇ ಅದು, ಒತ್ತಿದಷ್ಟೂ ಎದುರು ಒತ್ತುತ್ತದೆ. ಆಮೇಲೆ ಪಕ್ಕದ ಸ್ಟ್ಯಾಂಡಿನಲ್ಲಿದ್ದ, ಸುತ್ತಿಗೆ ತೂಕದ, ಅಂದರೆ ಸ್ಪ್ರಿಂಗ್ ಬದಲು ಒಳಗೆ ಪುಟ್ಟ ಸುತ್ತಿಗೆಯ ಭಾರವಿರುವ, 88 ಕೀಗಳ ಡಿಜಿಟಲ್ ಪಿಯಾನೊದ ನಡು ಭಾಗದಲ್ಲಿ ಪೇರಿಸಿದೆ. ಐದು, ಏಳು, ಒಂಬತ್ತು... ಅಲುಗಲಿಲ್ಲ. ಹತ್ತನೆಯದು ಇಟ್ಟೆ. ಕೀ ಯಾರೋ ಉಸಿರು ಬಿಟ್ಟ ಹಾಗೆ ಮೆಲ್ಲಗೆ, ಎಲ್ಲೂ ತಡೆಯದೆ, ತಳದವರೆಗೆ ಇಳಿಯಿತು. ಎಡತುದಿಯ ಮಂದ್ರದ ಕೀಗೆ ಹನ್ನೆರಡು ನಾಣ್ಯ ಬೇಕಾಯಿತು, ಬಲತುದಿಗೆ ಒಂಬತ್ತು. ಮರದ ಪಿಯಾನೊದ್ದೂ ಇದೇ ಧಾಟಿ: ನಡು ಭಾಗದ ಕೀಗೆ ಸುಮಾರು 50 ಗ್ರಾಂ ಬೇಕಾಗುತ್ತದೆ, ಮಂದ್ರದ ಕಡೆ ಭಾರ ಜಾಸ್ತಿ, ತಾರದ ಕಡೆ ಕಡಿಮೆ. ಅಂಗಡಿಯ ಹುಡುಗ ತಾನೇ ನಾಣ್ಯ ಇಸಿದುಕೊಂಡು ಇನ್ನೆರಡು ಮಾದರಿಗಳ ಮೇಲೆ ಪೇರಿಸಿ ನೋಡಿದ. ಅಷ್ಟಾದ ಮೇಲೂ ಅವನ ಬಾಯಿಂದ ಬಂದ ಮಾತು: “ಆದರೂ ಅಮ್ಮಾ, ಇದರಲ್ಲಿ ಹತ್ತೇ ಟೋನ್ ಇರುವುದು. ಅರ್ಧ ಬೆಲೆಗೆ ಅದರಲ್ಲಿ ಆರು ನೂರು ಇದೆ.”

ಆರು ನೂರು ಟೋನ್ ತೆಗೆದುಕೊಂಡು ಏನು ಮಾಡುವುದು? ಅಟ್ಟದ ಮೇಲಿರುವುದರಲ್ಲಿ ಕುದುರೆ ಓಡುವ ಸದ್ದೂ ನಾಯಿ ಬೊಗಳುವ ಸದ್ದೂ ಇವೆ. ನಮ್ಮ ವಿದ್ಯಾರಣ್ಯಪುರದಲ್ಲಿ ನಾಯಿಗೆ ಬರವಿಲ್ಲ.

ಇನ್ನೊಂದು ಸೂಕ್ಷ್ಮವಿದೆ. ವಾದ್ಯ ತೆಳ್ಳಗೆ ಕಾಣಲೆಂದು ಕೆಲವು ಮಾದರಿಗಳಲ್ಲಿ ಕೀಯ ಒಳಭಾಗವನ್ನು ಗಿಡ್ಡ ಮಾಡಿರುತ್ತಾರೆ. ಹೊರತುದಿಯಲ್ಲಿ ಒತ್ತಿದರೆ ಚೆನ್ನ. ಕಪ್ಪು ಕೀಗಳ ನಡುವೆ, ಒಳಗಡೆ ಒತ್ತಿದರೆ ಬಾಗಿಲನ್ನು ತಿರುಗಣಿಯ ಹತ್ತಿರ ಹಿಡಿದು ತಳ್ಳಿದ ಹಾಗಾಗುತ್ತದೆ. ಆದ್ದರಿಂದ ಅಂಗಡಿಯಲ್ಲಿ ಒಂದೇ ಕೀಯನ್ನು ತುದಿಯಲ್ಲೂ ಒಳಗೂ ಒತ್ತಿ ನೋಡಿ. ಒಂದೇ ಸ್ವರವನ್ನು ಎರಡು ಬೆರಳಿನಿಂದ ಬೇಗ ಬೇಗ ನುಡಿಸಿಯೂ ನೋಡಿ. ಮೂರು ಸೆನ್ಸರ್ ಇರುವ ಮಾದರಿಯಾದರೆ ಕೀ ಪೂರ್ತಿ ಮೇಲೆ ಬರುವ ಮೊದಲೇ ಮತ್ತೆ ದನಿ ಕೊಡುತ್ತದೆ. ಒಟ್ಟಿಗೆ ಎಷ್ಟು ಸ್ವರ ಮೊಳಗಬಲ್ಲದು, 64 ಅಥವಾ 128 ಅಥವಾ 256 ಎಂಬ ಲೆಕ್ಕಕ್ಕೆ ಮನೆಯಲ್ಲಿ ಕಲಿಯುವವರು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

‘ಪೋರ್ಟಬಲ್’ ಎಂಬ ಮಾತಿನ ವಿಷಯಕ್ಕೆ ಬರುತ್ತೇನೆ. ಬಾಡಿಗೆ ಮನೆಯವರಿಗೆ ಇದೇ ಮುಖ್ಯ. ನಮ್ಮದು ಎರಡನೇ ಮಹಡಿ, ಲಿಫ್ಟ್ ಇಲ್ಲ. ಕ್ಯಾಸಿಯೊ ಸಿಡಿಪಿ-ಎಸ್110 ಹತ್ತೂವರೆ ಕಿಲೊ, ಯಮಾಹಾ ಪಿ-145 ಹನ್ನೊಂದು ಚಿಲ್ಲರೆ, ರೋಲ್ಯಾಂಡ್ ಎಫ್‌ಪಿ-10 ಮತ್ತು ಕವಾಯ್ ಇಎಸ್120 ಹನ್ನೆರಡು ಕಿಲೊ ದಾಟುತ್ತವೆ, ರೋಲ್ಯಾಂಡಿನದೇ ಎಫ್‌ಪಿ-30ಎಕ್ಸ್ ಹದಿನೈದರ ಹತ್ತಿರ. ಇಪ್ಪತ್ತೈದು ಕಿಲೊ ಅಕ್ಕಿ ಮೂಟೆಯ ಅರ್ಧ, ಎತ್ತಬಹುದು. ಆದರೆ ತೊಂದರೆ ಕೊಡುವುದು ತೂಕವಲ್ಲ, ಉದ್ದ. ವಾದ್ಯವೇ ಒಂದು ಮೀಟರ್ ಮೂವತ್ತು ಸೆಂಟಿಮೀಟರ್ ಇರುತ್ತದೆ, ರಟ್ಟಿನ ಪೆಟ್ಟಿಗೆ ಇನ್ನೂ ಉದ್ದ. ಆಟೊದ ಹಿಂದಿನ ಸೀಟಿನಲ್ಲಿ ಅಡ್ಡಡ್ಡ ಇಟ್ಟರೆ ಎರಡೂ ಕಡೆ ಹೊರಗೆ ಚಾಚುತ್ತದೆ. ಮೂರು ಆಟೊದವರು ನೋಡಿ ಕೈಯಾಡಿಸಿ ಹೋದರು. ಕೊನೆಗೆ ಲಗೇಜ್ ಆಟೊ ಹಿಡಿದೆ; ಹಿಂದುಗಡೆ ಪ್ಲಾಸ್ಟಿಕ್ ಕೊಡಗಳ ಜೊತೆ ಪಿಯಾನೊ, ಮುಂದೆ ಚಾಲಕರ ಪಕ್ಕ ನಾನು. ನಮ್ಮ ಮೆಟ್ಟಿಲಿನ ತಿರುವಿನಲ್ಲಿ ಪೆಟ್ಟಿಗೆ ತಿರುಗಲಿಲ್ಲ, ಅಲ್ಲೇ ಬಿಚ್ಚಿ ನೆಟ್ಟಗೆ ನಿಲ್ಲಿಸಿಕೊಂಡು ಹತ್ತಿಸಿದೆವು. ಕೊಳ್ಳುವ ಮೊದಲು ಮೆಟ್ಟಿಲ ತಿರುವನ್ನು ಟೇಪು ಹಿಡಿದು ಅಳೆಯಿರಿ.

ಊಟದ ಮೇಜಿನ ಮೇಲಿಟ್ಟು ನುಡಿಸೋಣ ಎಂದುಕೊಂಡರೆ ಆಗುವುದಿಲ್ಲ. ಮೇಜಿನ ಎತ್ತರ 75 ಸೆಂಟಿಮೀಟರ್, ಅದರ ಮೇಲೆ ವಾದ್ಯದ ದಪ್ಪ ಸೇರಿ ಭುಜ ಕಿವಿಗೆ ಬರುತ್ತದೆ. ನೆಲದಿಂದ ಕೀಗಳ ಮೇಲ್ಮೈಗೆ 72ರಿಂದ 74 ಸೆಂಟಿಮೀಟರ್ ಇದ್ದರೆ ಮೊಣಕೈ ಸಹಜವಾಗಿ ಕೂರುತ್ತದೆ. ಕತ್ತರಿಯಾಕಾರದ ಸ್ಟ್ಯಾಂಡ್ ಅಗ್ಗ, ಆದರೆ ಮಂಡಿಗೆ ಬಡಿಯುತ್ತದೆ, ಜೋರಾಗಿ ನುಡಿಸಿದರೆ ತೂಗಾಡುತ್ತದೆ. ನಾಲ್ಕು ಕಾಲಿನದು ಅಥವಾ ಆ ಮಾದರಿಗೇ ಮಾಡಿದ ಮರದ ಸ್ಟ್ಯಾಂಡ್ ವಾಸಿ. ಸ್ವರ ಉಳಿಸಲು ಕಾಲಿನಲ್ಲಿ ಒತ್ತುವ ಪೆಡಲ್ ಒಂದಿದೆ; ಜೊತೆಗೆ ಕೊಡುವ ಕೈಯಗಲದ ಪ್ಲಾಸ್ಟಿಕ್ ಪೆಡಲ್ ನಮ್ಮ ಮೊಸಾಯಿಕ್ ನೆಲದ ಮೇಲೆ ಇಲಿಮರಿಯಂತೆ ಓಡುತ್ತಿತ್ತು. ಅದನ್ನು ಗೋಡೆಗೆ ಒತ್ತಿಟ್ಟು ತಿಂಗಳು ಕಳೆದೆವು, ಆಮೇಲೆ ಭಾರದ ಲೋಹದ ಪೆಡಲ್ ತಂದೆ.

ಯಾರೂ ಮುಂಚೆ ಹೇಳದ ಒಂದು ಸಂಗತಿ. ಇಯರ್‌ಫೋನ್ ಹಾಕಿಕೊಂಡರೆ ಸದ್ದೇ ಇಲ್ಲ ಎಂದು ಎಲ್ಲ ಅಂಗಡಿಯವರೂ ಹೇಳುತ್ತಾರೆ. ನುಡಿಸುವವರ ಕಿವಿಗೆ ಅದು ನಿಜ. ಒಂದು ವಾರವಾದ ಮೇಲೆ ಕೆಳಗಿನ ಮನೆಯ ಓನರ್ ಅಮ್ಮ ನನ್ನನ್ನು ತಡೆದು, “ರಾತ್ರಿ ಒಂಬತ್ತರ ಮೇಲೆ ದಿನಾ ಚಟ್ನಿಪುಡಿ ಕುಟ್ಟುತ್ತೀರಲ್ಲ, ಯಾರಿಗೆ ಕಳಿಸುತ್ತೀರಿ?” ಎಂದು ಕೇಳಿದರು. ಸುತ್ತಿಗೆ ತೂಕದ ಕೀಗಳು ತಳ ಮುಟ್ಟುವ ಧಡ್ ಧಡ್ ಸದ್ದು ಸ್ಟ್ಯಾಂಡಿನ ಕಾಲಿನಿಂದ ನೆಲಕ್ಕೆ ಇಳಿದು ಅವರ ಚಾವಣಿಗೆ ಹೋಗುತ್ತಿತ್ತು. ಹಳೆಯ ಯೋಗದ ಚಾಪೆಯನ್ನು ನಾಲ್ಕು ಮಡಿಕೆ ಮಾಡಿ ಪ್ರತಿ ಕಾಲಿನ ಅಡಿ ಹಾಕಿದ ಮೇಲೆ ಕಡಿಮೆಯಾಗಿದೆ. ಪೂರ್ತಿ ಹೋಗಿಲ್ಲ. ಆಷಾಢದಲ್ಲಿ ನಿಜವಾಗಿಯೂ ಚಟ್ನಿಪುಡಿ ಮಾಡಿ ಒಂದು ಡಬ್ಬಿ ಕೊಟ್ಟು ಬಂದೆ.

ಅಮೆರಿಕದಿಂದ ಬರುವ ಅಳಿಯನ ಕೈಯಲ್ಲಿ ತರಿಸುವ ಯೋಚನೆ ಇರುವವರಿಗೆ ಒಂದು ಮಾತು: ಸಾಮಾನ್ಯ ಲಗೇಜಿಗೆ ಉದ್ದ, ಅಗಲ, ಎತ್ತರ ಕೂಡಿ 158 ಸೆಂಟಿಮೀಟರ್ ಮಿತಿ. ಪಿಯಾನೊ ಅದನ್ನು ದಾಟುತ್ತದೆ. ಅಡಾಪ್ಟರಿನ ಮೇಲೆ 240 ವೋಲ್ಟ್‌ವರೆಗೆ ಎಂದು ಬರೆದಿದೆಯೇ ನೋಡದೆ ಇಲ್ಲಿ ಪ್ಲಗ್ ಹಾಕಬೇಡಿ. ನಾನಂತೂ ಇಲ್ಲೇ ಕೊಂಡೆ, ಸ್ಟ್ಯಾಂಡ್ ಸೇರಿ ಐವತ್ತು ಸಾವಿರಕ್ಕೆ ತುಸು ಕಡಿಮೆ. ಯಾವ ಕಂಪನಿಯದೆಂದು ಬರೆಯುವುದಿಲ್ಲ, ಇದು ಜಾಹೀರಾತಲ್ಲ.

ಈಗ ಮೊಮ್ಮಗಳು ಶಾಲೆಗೆ ಹೋದ ಮೇಲೆ ನಾನೂ ಕೂರುತ್ತೇನೆ. ಸ್ವರವನ್ನು ಜಾರಿಸುವ ಗಮಕ ಇದರಲ್ಲಿ ಬರುವುದಿಲ್ಲ, ಅದಿಲ್ಲದೆ ಆಗದ ತೋಡಿ ರಾಗದ ಆಸೆ ಬಿಟ್ಟಿದ್ದೇನೆ. ಪಾಶ್ಚಾತ್ಯ ಧಾಟಿಯಿಂದಲೇ ಬಂದ ಶಂಕರಾಭರಣ ರಾಗದ ನೊಟ್ಟುಸ್ವರ ಎಂಬ ಪುಟ್ಟ ರಚನೆಗಳು ಮಾತ್ರ ಇದರಲ್ಲಿ ಅಂದವಾಗಿ ಕೂರುತ್ತವೆ. “ಈ ವಯಸ್ಸಿನಲ್ಲಿ ಪರದೇಶದ ವಾದ್ಯ ಯಾಕೆ?” ಎಂದು ಭಜನಾ ಮಂಡಳಿಯ ಗೆಳತಿ ಕೇಳಿದಳು. ರಷ್ಯಾದ ನಿಕೊಲಾಯ್ ಮೆಟ್ನರ್ ಎಂಬ ಸಂಗೀತಗಾರರ ಕೃತಿಗಳನ್ನು 1940ರ ದಶಕದಲ್ಲಿ ಲಂಡನ್ನಿನಲ್ಲಿ ಧ್ವನಿಮುದ್ರಿಸಲು ದುಡ್ಡು ಕೊಟ್ಟವರು ನಮ್ಮ ಜಯಚಾಮರಾಜ ಒಡೆಯರ್, ಸ್ವತಃ ಪಿಯಾನೊ ನುಡಿಸುತ್ತಿದ್ದವರು ಎಂದೆ. ಮಹಾರಾಜರ ಹೆಸರು ಬಂದ ಮೇಲೆ ಅವಳು ಸುಮ್ಮನಾದಳು.

ಅಂಗಡಿಯವರಲ್ಲಿ ನನ್ನ ಕೋರಿಕೆ ದೊಡ್ಡದಲ್ಲ. ಬೆಲೆಚೀಟಿಯ ಮೇಲೆ ಟೋನ್‌ಗಳ ಸಂಖ್ಯೆಯ ಪಕ್ಕದಲ್ಲಿ ‘ಸ್ಪ್ರಿಂಗ್ ಕೀ’ ಅಥವಾ ‘ಸುತ್ತಿಗೆ ತೂಕದ ಕೀ’ ಎಂದು ಕನ್ನಡದಲ್ಲಿ ಬರೆಯಿರಿ. ಮಾದರಿಗಳನ್ನು ತಲೆಯೆತ್ತರದ ಕಪಾಟಿನಲ್ಲಿ ಪ್ಲಾಸ್ಟಿಕ್ ಸುತ್ತಿ ಇಡುವ ಬದಲು ಒಂದನ್ನಾದರೂ ಸರಿಯಾದ ಎತ್ತರದಲ್ಲಿ, ಎದುರಿಗೆ ಒಂದು ಸ್ಟೂಲ್ ಹಾಕಿ ಇಡಿ. ಟೀಚರುಗಳಲ್ಲೂ ಒಂದು ಮನವಿ: ಮನೆಯವರಿಗೆ ‘ಸದ್ಯಕ್ಕೆ ಯಾವುದಾದರೂ ಸಾಕು’ ಎನ್ನಬೇಡಿ. ಲಂಡನ್ನಿನ ಟ್ರಿನಿಟಿ ಕಾಲೇಜಿನ ಪರೀಕ್ಷೆಗಳಲ್ಲಿಯೇ ಪಿಯಾನೊ ಒಂದು ವಿಷಯ, ಎಲೆಕ್ಟ್ರಾನಿಕ್ ಕೀಬೋರ್ಡ್ ಇನ್ನೊಂದು. ಯಾವುದನ್ನು ಕಲಿಸುತ್ತೀರಿ ಎಂದು ಮೊದಲ ದಿನವೇ ಹೇಳಿಬಿಡಿ.

ನಾಣ್ಯ ಪೇರಿಸಲು ಬಿಟ್ಟ ಆ ಅಂಗಡಿಗೆ ಹೋದ ತಿಂಗಳು ಪೆಡಲ್ ತರಲು ಹೋಗಿದ್ದೆ. ಹುಡುಗನ ಗಲ್ಲಾಪೆಟ್ಟಿಗೆಯ ಪಕ್ಕದ ಸ್ಟೀಲ್ ಬಟ್ಟಲಿನಲ್ಲಿ ಐದು ರೂಪಾಯಿ ನಾಣ್ಯಗಳಿದ್ದವು. ಚಿಲ್ಲರೆ ಕೊಡಲು ಅದಕ್ಕೆ ಕೈ ಹಾಕಿದ ಇನ್ನೊಬ್ಬನನ್ನು ತಡೆದು, “ಅದು ಬೇಡ, ಅದು ಪಿಯಾನೊದ್ದು” ಎಂದ.

ಇತಿ,
ವಾಚ್ ಕಾರ್ಖಾನೆಯ ಒಬ್ಬ ನಿವೃತ್ತ ಕೆಲಸಗಾರ್ತಿ
ವಿದ್ಯಾರಣ್ಯಪುರ, ಬೆಂಗಳೂರು