‘ಸರ್ವರ್ ಬ್ಯುಸಿ’ ಅನ್ನುವ ಮೊದಲು ಮಿಡಲ್‌ವೇರ್ ನೋಡಿ

ಮಾನ್ಯರೇ,

ಆನ್‌ಲೈನ್ ಅರ್ಜಿ ತುಂಬಿ ‘ಸಲ್ಲಿಸು’ ಒತ್ತಿದರೆ ಚಕ್ರ ಸುತ್ತುತ್ತಲೇ ಇರುತ್ತದೆ. ಕೇಳಿದರೆ ‘ಸರ್ವರ್ ಬ್ಯುಸಿ’ ಎಂಬ ಸಿದ್ಧ ಉತ್ತರ. ಸರ್ವರ್ ಮೇಲೆ ಹೊರೆಯೇ ಇಲ್ಲದಾಗಲೂ ಹೀಗಾಗಬಹುದು. ಬ್ರೌಸರ್ ಮತ್ತು ಮುಖ್ಯ ಕೋಡ್ ನಡುವೆ ಓಡುವ ‘ಮಿಡಲ್‌ವೇರ್’ ಎಂಬ ಕೋಡ್‌ನಲ್ಲಿ ಒಂದು ಸಾಲು ಬಿಟ್ಟುಹೋಗಿದ್ದರೆ ಸಾಕು.

ಬ್ರೌಸರ್‌ನಿಂದ ಬಂದ ರಿಕ್ವೆಸ್ಟ್ ಮುಖ್ಯ ಕೋಡ್ ತಲುಪುವ ಮುನ್ನ ಹಲವು ಮಿಡಲ್‌ವೇರ್ ಫಂಕ್ಷನ್‌ಗಳನ್ನು (ಒಂದೊಂದು ಕೆಲಸ ಮಾಡುವ ಕೋಡ್ ತುಣುಕುಗಳನ್ನು) ಹಾದುಬರುತ್ತದೆ: ಲಾಗ್ ಬರೆಯುವುದು, ಬಂದ ಮಾಹಿತಿ ಬಿಡಿಸುವುದು, ಲಾಗಿನ್ ಪರೀಕ್ಷಿಸುವುದು. ಸರ್ವರ್‌ನಲ್ಲಿ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್‌ಜೆಎಸ್‌ನ ‘ಎಕ್ಸ್‌ಪ್ರೆಸ್’ ಎಂಬ ಫ್ರೇಮ್‌ವರ್ಕ್‌ನಲ್ಲಿ ಇವು ಬರೆದ ಕ್ರಮದಲ್ಲೇ ಓಡುತ್ತವೆ. ಪ್ರತಿಯೊಂದೂ ಉತ್ತರ ಕಳಿಸಿ ಮುಗಿಸಬೇಕು, ಇಲ್ಲವೇ ‘ನೆಕ್ಸ್ಟ್’ ಕರೆದು ಮುಂದಕ್ಕೆ ದಾಟಿಸಬೇಕು. ಯಾವುದೋ ‘ಇಫ್’ ಷರತ್ತಿನ ಒಳಗೆ ಎರಡೂ ಮರೆತರೆ ರಿಕ್ವೆಸ್ಟ್ ಅಲ್ಲೇ ನಿಂತುಬಿಡುತ್ತದೆ. ಅದರ ಮುಂದೆ ರಿಕ್ವೆಸ್ಟ್ ಪಡೆದು ದಾಟಿಸುವ ಎನ್‌ಜಿನ್‌ಎಕ್ಸ್ ಎಂಬ ಸರ್ವರ್ ಇದ್ದರೆ, ಸೆಟ್ಟಿಂಗ್ ಬದಲಿಸದಿದ್ದಲ್ಲಿ, ಅದು 60 ಸೆಕೆಂಡು ಕಾದು 504 (ಸಮಯಕ್ಕೆ ಉತ್ತರ ಬರಲಿಲ್ಲ) ಎಂಬ ದೋಷ ತೋರಿಸುತ್ತದೆ.

ಫೋಟೊ ವಿಷಯ ಇನ್ನೂ ಸೂಕ್ಷ್ಮ. ಜೇಸನ್ ಎಂಬ ಪಠ್ಯರೂಪದಲ್ಲಿ ಬಂದ ಮಾಹಿತಿ ಬಿಡಿಸುವ ಎಕ್ಸ್‌ಪ್ರೆಸ್‌ನ ಪಾರ್ಸರ್ ಮಿತಿ, ನಾವು ಬದಲಿಸದಿದ್ದರೆ, 100 ಕೆಬಿ. 80 ಕೆಬಿಯ ಫೋಟೊವನ್ನು ಬೇಸ್64 (ಅಕ್ಷರರೂಪ) ಮಾಡಿ ಜೇಸನ್‌ನಲ್ಲಿ ಕಳಿಸಿದರೆ ಮೂರನೇ ಒಂದು ಪಾಲು ಹಿಗ್ಗಿ ಸುಮಾರು 107 ಕೆಬಿ ಆಗುತ್ತದೆ, 413 (ಗಾತ್ರ ಮಿತಿಮೀರಿದೆ) ಎಂಬ ದೋಷ ಬರುತ್ತದೆ. ‘100 ಕೆಬಿ ಒಳಗಿರಲಿ’ ಎಂಬ ಸೂಚನೆ ಪಾಲಿಸಿದ ಅರ್ಜಿದಾರನಿಗೆ ತನ್ನ ತಪ್ಪೇನೆಂದು ತಿಳಿಯುವುದೇ ಇಲ್ಲ. ಮಿತಿ ಹೆಚ್ಚಿಸಬೇಕು, ಅಥವಾ ಫೋಟೊವನ್ನು ಅಕ್ಷರರೂಪಕ್ಕೆ ತಿರುಗಿಸದೆ ಫೈಲ್ ಆಗಿಯೇ ಕಳಿಸುವ ‘ಮಲ್ಟಿಪಾರ್ಟ್’ ವಿಧಾನದಲ್ಲಿ ಪಡೆಯಬೇಕು.

ದೋಷ ಹಿಡಿಯುವ ಮಿಡಲ್‌ವೇರ್ ಎಲ್ಲಕ್ಕಿಂತ ಕೊನೆಯಲ್ಲಿರಬೇಕು, ನಾಲ್ಕು ಪ್ಯಾರಾಮೀಟರ್ ಇರಲೇಬೇಕು. ಮೂರೇ ಇದ್ದರೆ ಎಕ್ಸ್‌ಪ್ರೆಸ್ ಅದನ್ನು ಸಾಮಾನ್ಯ ಮಿಡಲ್‌ವೇರ್ ಎಂದೇ ಎಣಿಸುತ್ತದೆ. ಎಕ್ಸ್‌ಪ್ರೆಸ್‌ನ 4ನೇ ಆವೃತ್ತಿಯಲ್ಲಿ ಅಸಿಂಕ್ (ಫಲಿತಾಂಶ ತಡವಾಗಿ ಕೊಡುವ) ಫಂಕ್ಷನ್‌ನ ದೋಷ ತಾನಾಗಿ ಅಲ್ಲಿಗೆ ತಲುಪದು. ನೋಡ್ 15ರಿಂದೀಚೆಗೆ ಅದನ್ನು ಹಿಡಿಯದಿದ್ದರೆ ಓಡುತ್ತಿರುವ ಇಡೀ ಪ್ರೋಗ್ರಾಮೇ (ಪ್ರೊಸೆಸ್) ನಿಲ್ಲುತ್ತದೆ. ಒಬ್ಬರ ಅರ್ಜಿಯ ದೋಷಕ್ಕೆ ಎಲ್ಲರ ಅರ್ಜಿಯೂ ಬೀಳುತ್ತದೆ. ಎಕ್ಸ್‌ಪ್ರೆಸ್‌ನ 5ನೇ ಆವೃತ್ತಿ ಇದನ್ನು ಸರಿಪಡಿಸಿದೆ.

ಲಾಗಿನ್ ತಪಾಸಣೆಯನ್ನು ಮಿಡಲ್‌ವೇರ್ ಒಂದಕ್ಕೇ ಬಿಡುವುದೂ ಅಪಾಯ. ನೆಕ್ಸ್ಟ್‌ಜೆಎಸ್ ಎಂಬ ಇನ್ನೊಂದು ಫ್ರೇಮ್‌ವರ್ಕ್‌ನಲ್ಲಿ ರಿಕ್ವೆಸ್ಟ್‌ಗೆ ಒಂದು ಹೆಡರ್ (ಜೊತೆಗೆ ಹೋಗುವ ಮಾಹಿತಿ ಸಾಲು) ಸೇರಿಸಿದರೆ ಮಿಡಲ್‌ವೇರನ್ನೇ ದಾಟಬಹುದಾದ ಲೋಪ 2025ರ ಮಾರ್ಚ್‌ನಲ್ಲಿ ಬಯಲಾಯಿತು. ಡೇಟಾ ಓದುವ ಜಾಗದಲ್ಲೂ ಹಕ್ಕು ಪರೀಕ್ಷಿಸಲೇಬೇಕು.

ಎಂಜಿನಿಯರಿಂಗ್ ಕಾಲೇಜು, ಪಾಲಿಟೆಕ್ನಿಕ್‌ಗಳ ಲ್ಯಾಬ್‌ಗಳಲ್ಲಿ ಇದನ್ನು ಮಾಡಿಸಿ ಕಲಿಸಬೇಕು. ಸಾರ್ವಜನಿಕರ ಪೋರ್ಟಲ್ ತೆರೆಯುವ ಮುನ್ನ ಕನಿಷ್ಠ ಮೂರು ಪರೀಕ್ಷೆ ಕಡ್ಡಾಯವಾಗಲಿ: ಅನುಮತಿಸಿದ ಗರಿಷ್ಠ ಗಾತ್ರದ ಫೋಟೊ ಹಾಕಿ ನೋಡುವುದು, ಅರ್ಜಿ ತುಂಬುವಾಗಲೇ ಲಾಗಿನ್ ಅವಧಿ ಮುಗಿಸಿ ನೋಡುವುದು, ಡೇಟಾಬೇಸ್ ನಿಲ್ಲಿಸಿ ಯಾವ ಸಂದೇಶ ಬರುತ್ತದೆಂದು ನೋಡುವುದು.

– ವೆಬ್ ಡೆವಲಪರ್, ಹುಬ್ಬಳ್ಳಿ